ಆಪ್ಟಿಕ್ ನರದ ಕವಚ 5.3 ಮಿ.ಮೀ. ಇದ್ದರೆ ತಲೆಬುರುಡೆಯೊಳಗೆ ಒತ್ತಡ ಹೆಚ್ಚಿದೆ ಎನ್ನಬಹುದೇ?

ಪ್ರಶ್ನೆ: ಐಸಿಯು ಕಿರಿಯ ವೈದ್ಯೆ

ಎಲ್ಲರಿಗೂ ನಮಸ್ಕಾರ. ತೀವ್ರ ನಿಗಾ ಘಟಕದಲ್ಲಿರುವ ರೋಗಿಯೊಬ್ಬರ ವಿಷಯದಲ್ಲಿ ನನಗೊಂದು ಸಂದೇಹವಿದೆ. ತಲೆಗೆ ಪೆಟ್ಟು ಬಿದ್ದು ವೆಂಟಿಲೇಟರ್ ಮೇಲಿರುವ ಅವರ ಪ್ಲೇಟ್‌ಲೆಟ್ ಸಂಖ್ಯೆ ತೀರ ಕಡಿಮೆ ಇರುವುದರಿಂದ, ತಲೆಬುರುಡೆಯಲ್ಲಿ ರಂಧ್ರ ಮಾಡಿ ಒತ್ತಡಮಾಪಕ ಇಡುವುದಕ್ಕೆ ನರಶಸ್ತ್ರಚಿಕಿತ್ಸಕರು ಸದ್ಯಕ್ಕೆ ಒಪ್ಪಿಲ್ಲ. ಮಂಪರಿನ ಔಷಧಿ ನಡೆಯುತ್ತಿರುವುದರಿಂದ ಪ್ರಜ್ಞೆಯ ಮಟ್ಟವನ್ನು ನೋಡಿ ಏನನ್ನೂ ಹೇಳುವಂತಿಲ್ಲ. ಎರಡೂ ಕಣ್ಣಿನ ಪಾಪೆಗಳು ಸಮನಾಗಿದ್ದು ಬೆಳಕಿಗೆ ಸ್ಪಂದಿಸುತ್ತಿವೆ. ಮೊದಲ ದಿನದ ಸಿ.ಟಿ. ಸ್ಕ್ಯಾನ್‌ನಲ್ಲಿ ಸಣ್ಣ ಪ್ರಮಾಣದ ರಕ್ತಸ್ರಾವವಷ್ಟೇ ಕಂಡಿತ್ತು.

ನಮ್ಮ ಹಿರಿಯರು ಕಣ್ಣಿನ ಅಲ್ಟ್ರಾಸೌಂಡ್ ಮಾಡಿ ಆಪ್ಟಿಕ್ ನರದ, ಅಂದರೆ ಕಣ್ಣಿನಿಂದ ಮಿದುಳಿಗೆ ದೃಷ್ಟಿಯನ್ನು ಒಯ್ಯುವ ನರದ, ಕವಚದ ವ್ಯಾಸವನ್ನು ಅಳೆಯುವಂತೆ ಹೇಳಿದರು. ನಾನು ಅಳೆದಾಗ ಬಲಗಣ್ಣಿನಲ್ಲಿ 5.3 ಮಿ.ಮೀ., ಎಡಗಣ್ಣಿನಲ್ಲಿ 5.6 ಮಿ.ಮೀ. ಬಂದಿತು. ಅದೇ ಪಾಳಿಯಲ್ಲಿದ್ದ ಸಹೋದ್ಯೋಗಿಯೊಬ್ಬರು ಅದೇ ಯಂತ್ರದಲ್ಲಿ ಬಲಗಣ್ಣನ್ನು ಅಳೆದಾಗ 4.7 ಮಿ.ಮೀ. ಬಂದಿತು. ಒಂದು ಲೇಖನದಲ್ಲಿ 5 ಮಿ.ಮೀ. ದಾಟಿದರೆ ಒತ್ತಡ ಹೆಚ್ಚಿದೆ ಎಂದಿದ್ದರೆ ಮತ್ತೊಂದರಲ್ಲಿ 5.8ರ ಆಸುಪಾಸಿನ ಗೆರೆಯನ್ನು ಹೇಳಿದ್ದಾರೆ. ಹೀಗಿರುವಾಗ ನನ್ನ ಅಳತೆಯನ್ನು ಯಾವ ಗೆರೆಗೆ ಹೋಲಿಸಬೇಕು, ಇಬ್ಬರ ಅಳತೆಗಳ ನಡುವೆ ಇಷ್ಟು ಅಂತರ ಬರಲು ಕಾರಣವೇನು, ಮತ್ತು ಈ ಸಂಖ್ಯೆಯ ಆಧಾರದ ಮೇಲೆ ಚಿಕಿತ್ಸೆಯನ್ನು ಬದಲಿಸುವುದು ಸರಿಯೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1: ತೀವ್ರ ನಿಗಾ ವೈದ್ಯ

ಮೇಡಂ, ಗೆರೆ ಯಾವುದೆಂಬ ಪ್ರಶ್ನೆಗೆ ಹೋಗುವ ಮೊದಲು, ಈ ಅಳತೆ ಏಕೆ ಕೆಲಸ ಮಾಡುತ್ತದೆ ಎಂಬುದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಅದು ಯಾವಾಗ ಕೈಕೊಡುತ್ತದೆ ಎಂಬುದೂ ಅಲ್ಲಿಂದಲೇ ತಿಳಿಯುತ್ತದೆ. ಆಪ್ಟಿಕ್ ನರವು ಕೈಕಾಲುಗಳ ನರಗಳಂಥದ್ದಲ್ಲ, ಅದು ಮಿದುಳಿನದೇ ಮುಂದುವರಿದ ಭಾಗ. ಆದ್ದರಿಂದ ಮಿದುಳಿಗಿರುವ ಮೂರು ಪೊರೆಗಳೂ ಅದರ ಸುತ್ತ ಕಣ್ಣುಗುಡ್ಡೆಯವರೆಗೆ ಬಂದು ನಿಲ್ಲುತ್ತವೆ, ಆ ಪೊರೆಗಳ ನಡುವಿನ ಸಿಎಸ್‌ಎಫ್ ದ್ರವವೂ (ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದಿರುವ ನೀರು) ಅಲ್ಲಿಯವರೆಗೆ ಬರುತ್ತದೆ. ತಲೆಬುರುಡೆಯೊಳಗೆ ಒತ್ತಡ ಏರಿದಾಗ ದ್ರವವು ಈ ಕವಚದೊಳಕ್ಕೆ ನುಗ್ಗುತ್ತದೆ, ಮತ್ತು ನೀರು ತುಂಬಿದ ಕೈಗವಸನ್ನು ಹಿಂಡಿದಾಗ ಬೆರಳಿನ ತುದಿ ಉಬ್ಬುವ ಹಾಗೆ ಕವಚದ ಮುಂಭಾಗ ಹಿಗ್ಗುತ್ತದೆ. ಕಣ್ಣುಗುಡ್ಡೆಯ ಹಿಂದೆ 3 ಮಿ.ಮೀ. ದೂರದಲ್ಲಿ ಅಳೆಯುವ ಪದ್ಧತಿ ಬಂದಿದ್ದು ಕವಚವು ಅಲ್ಲಿ ಹೆಚ್ಚು ಹಿಗ್ಗುತ್ತದೆ ಎಂಬ ಕಾರಣಕ್ಕೆ.

ಇದರ ದೊಡ್ಡ ಅನುಕೂಲವೆಂದರೆ ವೇಗ. ಅಕ್ಷಿಪಟಲದಲ್ಲಿ ಕಾಣುವ ಪಾಪಿಲಿಡೀಮಾ, ಅಂದರೆ ನರದ ತಟ್ಟೆಯ ಊತ, ಮೂಡಲು ಗಂಟೆಗಳಿಂದ ದಿನಗಳವರೆಗೆ ಹಿಡಿಯಬಹುದು. ಕವಚವಾದರೋ ನಿಮಿಷಗಳಲ್ಲೇ ಹಿಗ್ಗುತ್ತದೆ. ಆದ್ದರಿಂದ ಅಕ್ಷಿಪಟಲ ಸರಿಯಾಗಿ ಕಂಡಿತೆಂದು ಹೊಸದಾಗಿ ಪೆಟ್ಟು ಬಿದ್ದ ರೋಗಿಯಲ್ಲಿ ಯಾರೂ ನಿಶ್ಚಿಂತರಾಗಬಾರದು.

ಇನ್ನು ಗೆರೆಯ ವಿಷಯ. ನೀವು ಓದಿದ ಎರಡೂ ಲೇಖನಗಳು ಸರಿಯೇ ಇರಬಹುದು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಮಿ.ಮೀ. ಪಾದರಸಕ್ಕಿಂತ ಹೆಚ್ಚಿನ ಒತ್ತಡವನ್ನು ಗುರುತಿಸಲು ಅತ್ಯುತ್ತಮ ಗೆರೆ 5.86 ಮಿ.ಮೀ. ಎಂದು ಬಂದಿತು; 2011ರ ಮತ್ತೊಂದರಲ್ಲಿ ಅದೇ ಒತ್ತಡಕ್ಕೆ 4.8 ಮಿ.ಮೀ. ಎಂದು ಬಂದಿತು. ಎರಡರ ನಡುವಿನ ಅಂತರ ಒಂದು ಮಿಲಿಮೀಟರಿಗೂ ಹೆಚ್ಚು. ಎರಡು ತಂಡಗಳು ಆಪ್ಟಿಕ್ ಕವಚದ ಅಂಚು ಎಂದು ಒಂದೇ ರೇಖೆಯನ್ನು ಗುರುತಿಸದಿದ್ದರೆ ಇಂತಹ ಅಂತರ ಬರುವುದು ಸಹಜ. ಆದ್ದರಿಂದ ಯಾರದೋ ಗೆರೆಯನ್ನು ಎರವಲು ತರುವಾಗ ಅವರು ಅಳೆದ ರೀತಿಯನ್ನೂ ಜೊತೆಗೆ ತರಬೇಕಾಗುತ್ತದೆ. ಅಂಚಿನ ವಿಷಯವನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲವರು ಇಲ್ಲಿದ್ದಾರೆ, ಅವರಿಗೆ ಬಿಡುತ್ತೇನೆ.

ಚಿಕಿತ್ಸೆಯ ಪ್ರಶ್ನೆಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ತಲೆಗೆ ತೀವ್ರ ಪೆಟ್ಟು ಬಿದ್ದವರಲ್ಲಿ 22 ಮಿ.ಮೀ. ಪಾದರಸವನ್ನು ದಾಟಿದ ಒತ್ತಡಕ್ಕೆ ಚಿಕಿತ್ಸೆ ಕೊಡಬೇಕೆಂದು ಬ್ರೈನ್ ಟ್ರಾಮಾ ಫೌಂಡೇಶನ್‌ನ 2016ರ ಮಾರ್ಗಸೂಚಿ ಹೇಳುತ್ತದೆ. ಆ 22 ಎಂಬುದು ತಲೆಬುರುಡೆಯೊಳಗೆ ಇಟ್ಟ ಮಾಪಕದ ಸಂಖ್ಯೆ. ಕವಚದ ವ್ಯಾಸವನ್ನು ಸೂತ್ರ ಹಾಕಿ ಪಾದರಸಕ್ಕೆ ಪರಿವರ್ತಿಸಲು ಹೋಗಬೇಡಿ. ಒತ್ತಡ ಹೆಚ್ಚಿರುವ ಸಾಧ್ಯತೆ ಏರಿತೇ ಇಳಿಯಿತೇ ಎಂಬುದನ್ನಷ್ಟೇ ಅದು ಹೇಳಬಲ್ಲದು. ನಿಮ್ಮ ರೋಗಿಯ ವಿಷಯದಲ್ಲಿ ನಾನಾಗಿದ್ದರೆ 5.3 ಮತ್ತು 5.6ನ್ನು ನೋಡಿ ತಲೆಯ ಬದಿಯನ್ನು 30 ಡಿಗ್ರಿ ಎತ್ತರಿಸಿದ್ದಾರೆಯೇ, ಕುತ್ತಿಗೆ ನೇರವಾಗಿದೆಯೇ, ಕಾರ್ಬನ್ ಡೈಆಕ್ಸೈಡ್ ಮಟ್ಟ ಏರಿದೆಯೇ, ಸೋಡಿಯಂ ಇಳಿದಿದೆಯೇ ಎಂದು ಮೊದಲು ಪರೀಕ್ಷಿಸಿ, ಕೂಡಲೇ ಮತ್ತೊಂದು ಸಿ.ಟಿ. ಸ್ಕ್ಯಾನ್ ಕೇಳುತ್ತಿದ್ದೆ. ಹಾಸಿಗೆಯ ಪಕ್ಕದಲ್ಲೇ ಮಾಡುವ ಆ ಪರೀಕ್ಷೆಗಳಿಂದ ರೋಗಿಗೆ ಹಾನಿಯಿಲ್ಲ. ಬರೀ ಕವಚದ ಸಂಖ್ಯೆಯನ್ನು ಹಿಡಿದು, ಮಿದುಳಿನ ಒತ್ತಡ ಇಳಿಸುವ ಮ್ಯಾನಿಟಾಲ್ ಔಷಧಿಯನ್ನು ಹನಿಸಲು ಶುರು ಮಾಡುವುದು ಬೇರೆ ಮಾತು. ಪಾಪೆ ಹಿಗ್ಗಿದ್ದರೆ, ರಕ್ತದೊತ್ತಡ ಏರಿ ನಾಡಿಬಡಿತ ಇಳಿಯುತ್ತಿದ್ದರೆ ಕವಚವನ್ನು ಅಳೆಯುತ್ತಾ ಕೂರುವ ಅಗತ್ಯವೂ ಇಲ್ಲ.

ಉತ್ತರ 2: ಅಲ್ಟ್ರಾಸೌಂಡ್ ಕಲಿಸುವವನು

ಇಬ್ಬರ ಅಳತೆಯಲ್ಲಿ 0.6 ಮಿ.ಮೀ. ಅಂತರ ಏಕೆ ಬಂತು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ ಎಂದು ನನಗನ್ನಿಸುತ್ತದೆ. ನುರಿತವರ ನಡುವೆಯೂ 0.2ರಿಂದ 0.3 ಮಿ.ಮೀ. ವ್ಯತ್ಯಾಸ ಬರುವುದು ಸಾಮಾನ್ಯ. ಅದರ ಎರಡರಷ್ಟು ಬಂದಿದೆಯೆಂದರೆ ನೀವಿಬ್ಬರೂ ಒಂದೇ ಕಣ್ಣಿನಲ್ಲಿ ಬೇರೆ ಬೇರೆ ವಸ್ತುಗಳನ್ನು ಅಳೆದಿರುವ ಸಂಭವ ಹೆಚ್ಚು.

ತೆರೆಯ ಮೇಲೆ ಏನು ಕಾಣುತ್ತದೆ ಎಂಬುದನ್ನು ಒಮ್ಮೆ ನಿಧಾನವಾಗಿ ನೋಡೋಣ. ಮೇಲೆ ಕಪ್ಪಗೆ ದುಂಡಗೆ ಕಣ್ಣುಗುಡ್ಡೆ ಇರುತ್ತದೆ. ಅದರ ಹಿಂದಿನ ಗೋಡೆಯಿಂದ ಕೆಳಕ್ಕೆ ಇಳಿಯುವ ಮಾಸಲು ಕಪ್ಪು ಪಟ್ಟಿಯೇ ನರ. ನರದ ಎರಡೂ ಪಕ್ಕದಲ್ಲಿ ಬೆಳ್ಳಗಿನ ಒಂದೊಂದು ಪಟ್ಟಿ ಕಾಣುತ್ತದೆ. ಅದು ದ್ರವವಿರುವ ಜಾಗ. ಅದರಾಚೆ ಮತ್ತೆ ತೆಳುವಾದ ಕಪ್ಪು ಗೆರೆ, ಅದು ಮೂರು ಪೊರೆಗಳಲ್ಲಿ ಹೊರಗಿನದಾದ ಡ್ಯೂರಾ. ಅದಕ್ಕೂ ಹೊರಗೆ ಕಣ್ಣುಗೂಡಿನ ಕೊಬ್ಬು ಬೆಳ್ಳಗೆ ಹರಡಿರುತ್ತದೆ. ಈಗ ಒಬ್ಬರು ಡ್ಯೂರಾದ ಒಳ ಅಂಚಿನಿಂದ ಒಳ ಅಂಚಿಗೆ ಕ್ಯಾಲಿಪರ್ (ತೆರೆಯ ಮೇಲಿನ ಅಳತೆಯ ಗುರುತು) ಇಟ್ಟು, ಮತ್ತೊಬ್ಬರು ಹೊರ ಅಂಚಿನಿಂದ ಹೊರ ಅಂಚಿಗೆ ಇಟ್ಟರೆ, ಎರಡೂ ಬದಿಯ ಡ್ಯೂರಾದ ದಪ್ಪ ಸೇರಿ ಅರ್ಧ ಮಿಲಿಮೀಟರಿಗೂ ಮೀರಿ ವ್ಯತ್ಯಾಸ ಬಂದುಬಿಡುತ್ತದೆ. ನಿಮ್ಮ 5.3 ಮತ್ತು ಅವರ 4.7ರ ರಹಸ್ಯ ಬಹುಶಃ ಇಷ್ಟೇ. ಒತ್ತಡಕ್ಕೆ ಹಿಗ್ಗುವುದು ದ್ರವದ ಜಾಗವಾದ್ದರಿಂದ ನಾನು ಒಳ ಅಂಚನ್ನೇ ಕಲಿಸುತ್ತೇನೆ, ಇತ್ತೀಚಿನ ಒಮ್ಮತದ ಸಲಹೆಗಳೂ ಆ ಕಡೆಗೇ ವಾಲಿವೆ. ನಿಮ್ಮ ಘಟಕದಲ್ಲಿ ಎಲ್ಲರೂ ಒಂದೇ ಅಂಚಿಗೆ ಒಪ್ಪಿಕೊಂಡು, ವರದಿಯಲ್ಲಿ ಅದನ್ನು ಬರೆದಿಡುವುದು ಅಗತ್ಯ. ಅಂಚನ್ನು ಹೇಳದ ಸಂಖ್ಯೆಗೆ ನಾನಂತೂ ಬೆಲೆ ಕೊಡುವುದಿಲ್ಲ.

ಎರಡನೆಯ ಕಾರಣ ಓರೆ. ಅಳತೆಯ ರೇಖೆಯು ನರದ ಅಕ್ಷಕ್ಕೆ ಲಂಬವಾಗಿರಬೇಕು, ತೆರೆಯ ಚೌಕಟ್ಟಿಗೆ ಅಡ್ಡವಾಗಿದ್ದರೆ ಸಾಲದು. ನರವು ತೆರೆಯಲ್ಲಿ ಓರೆಯಾಗಿ ಇಳಿಯುತ್ತಿರುವಾಗ ಕ್ಯಾಲಿಪರನ್ನು ನೇರ ಅಡ್ಡಕ್ಕೆ ಎಳೆದರೆ, 20 ಡಿಗ್ರಿ ಓರೆಗೇ 5 ಮಿ.ಮೀ. ಇರುವುದು 5.3 ಮಿ.ಮೀ. ಎಂದು ಓದುತ್ತದೆ. ಎಲ್ಲರೂ ಗೆರೆ ಎಳೆಯುವ ಜಾಗದಲ್ಲಿ ಇದು ಸಣ್ಣ ಮೊತ್ತವಲ್ಲ.

ಮೂರನೆಯದು ಯಂತ್ರದ ಮಿತಿ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. 10 ಮೆಗಾಹರ್ಟ್ಸ್ ಧ್ವನಿಯ ಅಲೆಯುದ್ದ ಅಂಗಾಂಶದಲ್ಲಿ ಸುಮಾರು 0.15 ಮಿ.ಮೀ. ಎಂದು ಕೇಳಿದಾಗ, ಹತ್ತನೇ ಒಂದು ಮಿಲಿಮೀಟರನ್ನೂ ಸಲೀಸಾಗಿ ಅಳೆಯಬಹುದು ಅನ್ನಿಸುತ್ತದೆ. ಆದರೆ ಆ ಸೂಕ್ಷ್ಮತೆ ಸಿಗುವುದು ಧ್ವನಿ ಸಾಗುವ ದಿಕ್ಕಿನಲ್ಲಿ. ಇಲ್ಲಿ ನರವು ಧ್ವನಿಯ ದಿಕ್ಕಿನಲ್ಲೇ ಇಳಿಯುವುದರಿಂದ ನಾವು ಅಳೆಯುತ್ತಿರುವುದು ಅಡ್ಡ ದಿಕ್ಕಿನಲ್ಲಿ. ಅಡ್ಡ ದಿಕ್ಕಿನ ಸೂಕ್ಷ್ಮತೆ ಯಾವಾಗಲೂ ಕಡಿಮೆ. ಸಾಲದ್ದಕ್ಕೆ ಕವಚದ ಗೋಡೆಗಳು ಧ್ವನಿಗೆ ಸಮಾನಾಂತರವಾಗಿರುವುದರಿಂದ ಪ್ರತಿಧ್ವನಿಯೂ ಕ್ಷೀಣವಾಗಿರುತ್ತದೆ. ಗೇನ್, ಅಂದರೆ ಚಿತ್ರದ ಹೊಳಪು, ಹೆಚ್ಚಿಸಿದರೆ ಕೊಬ್ಬಿನ ಬಿಳುಪು ಒಳಕ್ಕೆ ಹರಡಿ ಅಂಚು ಮುಚ್ಚಿಹೋಗುತ್ತದೆ. ಆದ್ದರಿಂದ ಫೋಕಸನ್ನು ಅಳೆಯುವ ಆಳಕ್ಕೆ ಇಳಿಸಿ, ಚಿತ್ರದ ಆಳವನ್ನು 4 ಸೆಂ.ಮೀ. ಆಸುಪಾಸಿಗೆ ತಂದು, ಗೇನ್ ತಗ್ಗಿಸಿ ನೋಡಿ.

ಮತ್ತೊಂದು ಮೋಸವಿದೆ. ಮಸೂರದ ಮೂಲಕ ಧ್ವನಿಯನ್ನು ಹಾಯಿಸಿದರೆ ಅದರ ಅಂಚುಗಳ ನೆರಳು ಹಿಂದಕ್ಕೆ ಬಿದ್ದು, ಅಚ್ಚುಕಟ್ಟಾದ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ನಿಜವಾದ ನರಕ್ಕಿಂತ ಆ ನೆರಳೇ ಹೆಚ್ಚು ಸ್ಪಷ್ಟವಾಗಿರುವುದರಿಂದ ಹೊಸಬರು ಅದನ್ನೇ ಅಳೆದುಬಿಡುತ್ತಾರೆ. ಪ್ರೋಬನ್ನು (ಕಣ್ಣಿನ ಮೇಲೆ ಹಿಡಿಯುವ ಯಂತ್ರದ ಭಾಗವನ್ನು) ಕಣ್ಣಿನ ಹೊರಮೂಲೆಯ ಕಡೆಗೆ ಸ್ವಲ್ಪ ಸರಿಸಿ, ಮೂಗಿನ ದಿಕ್ಕಿಗೆ ಓರೆ ಮಾಡಿ, ಧ್ವನಿಯು ಮಸೂರವನ್ನು ತಪ್ಪಿಸಿ ಹೋಗುವಂತೆ ಮಾಡಿ. ಪ್ರೋಬನ್ನು ಅಲುಗಿಸಿದಾಗ ನೆರಳು ಜಾಗ ಬದಲಿಸುತ್ತದೆ, ನರ ಕಣ್ಣುಗುಡ್ಡೆಯ ಅದೇ ಬಿಂದುವಿಗೆ ಅಂಟಿಕೊಂಡಿರುತ್ತದೆ. ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ, ಎರಡೂ ಕಣ್ಣುಗಳಲ್ಲಿ ಅಳೆದು ಸರಾಸರಿ ತೆಗೆಯಿರಿ.

ಉತ್ತರ 3: ನೇತ್ರತಜ್ಞೆ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಪ್ರೋಬ್ ಇಡುವ ಮೊದಲಿನ ಮಾತನ್ನು ಯಾರೂ ಹೇಳಲಿಲ್ಲ. ರೋಗಿಗೆ ತಲೆಗೆ ಪೆಟ್ಟಾಗಿದೆ, ಅಂದರೆ ಮುಖಕ್ಕೂ ಆಗಿರಬಹುದು. ಕಣ್ಣುಗುಡ್ಡೆ ಒಡೆದಿರುವ ಅನುಮಾನವಿದ್ದರೆ ಈ ಪರೀಕ್ಷೆಯನ್ನು ಮಾಡಲೇಬಾರದು. ಅನುಮಾನವಿಲ್ಲದಿದ್ದರೂ ಒತ್ತಬಾರದು: ಮುಚ್ಚಿದ ರೆಪ್ಪೆಯ ಮೇಲೆ ತೆಳುವಾದ ಪಾರದರ್ಶಕ ಪಟ್ಟಿ ಅಂಟಿಸಿ, ಅದರ ಮೇಲೆ ಧಾರಾಳವಾಗಿ ಜೆಲ್ ಹಾಕಿ, ಕೈಯನ್ನು ರೋಗಿಯ ಹಣೆಯ ಅಥವಾ ಮೂಗಿನ ಎಲುಬಿನ ಮೇಲೆ ಊರಿಕೊಂಡು, ಪ್ರೋಬ್ ಜೆಲ್‌ನ ಮೇಲೆ ತೇಲುವಂತೆ ಹಿಡಿಯಬೇಕು. ಕಣ್ಣನ್ನು ಒತ್ತಿದಾಗ ನಾಡಿಬಡಿತ ಇಳಿಯುವ ಪ್ರತಿವರ್ತನೆಯೊಂದಿದೆ. ಮಿದುಳಿನ ಒತ್ತಡದಿಂದ ನಾಡಿ ಇಳಿಯಿತೋ ನಿಮ್ಮ ಕೈಯಿಂದ ಇಳಿಯಿತೋ ಎಂಬ ಗೊಂದಲ ಆ ಹಾಸಿಗೆಯ ಪಕ್ಕದಲ್ಲಿ ಯಾರಿಗೂ ಬೇಡ.

ಯಂತ್ರದಲ್ಲಿ ಕಣ್ಣಿಗೆಂದೇ ಇರುವ ಸಿದ್ಧ ಸೆಟ್ಟಿಂಗ್ (ಪ್ರೀಸೆಟ್) ಆಯ್ಕೆ ಮಾಡುವುದನ್ನೂ ಮರೆಯಬೇಡಿ. ಕಣ್ಣಿನ ಪರೀಕ್ಷೆಗೆ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಗದಿಪಡಿಸಿರುವ ಮೆಕ್ಯಾನಿಕಲ್ ಇಂಡೆಕ್ಸ್ (ಧ್ವನಿಯಿಂದ ಅಂಗಾಂಶಕ್ಕೆ ಹಾನಿಯಾಗುವ ಸಾಧ್ಯತೆಯ ಸೂಚಿ) ಮಿತಿ 0.23 ಮಾತ್ರ. ರಕ್ತನಾಳ ಅಥವಾ ಥೈರಾಯ್ಡ್ ಪರೀಕ್ಷೆಯ ಸೆಟ್ಟಿಂಗಿನಲ್ಲಿ ಪ್ರೋಬ್ ಅದಕ್ಕಿಂತ ಬಹಳ ಹೆಚ್ಚು ಶಕ್ತಿಯನ್ನು ಹೊರಸೂಸಬಹುದು. ಚಿತ್ರವನ್ನು ನಿಲ್ಲಿಸಿಕೊಂಡು ನಂತರ ಅಳೆಯಿರಿ. ಅಳೆಯುವಷ್ಟು ಹೊತ್ತೂ ಕಣ್ಣಿಗೆ ಧ್ವನಿಯನ್ನು ಹಾಯಿಸುತ್ತಿರುವ ಅಗತ್ಯವಿಲ್ಲ.

ಕವಚ ಅಗಲವಾಗಿದ್ದ ಮಾತ್ರಕ್ಕೆ ಕಾರಣ ತಲೆಯೊಳಗೇ ಇರಬೇಕೆಂದೇನಿಲ್ಲ. ಆಪ್ಟಿಕ್ ನರದ ಉರಿಯೂತ, ಥೈರಾಯ್ಡ್ ಸಂಬಂಧಿ ಕಣ್ಣಿನ ಕಾಯಿಲೆ, ಕಣ್ಣುಗೂಡಿನ ಗಡ್ಡೆ ಅಥವಾ ರಕ್ತಸ್ರಾವ, ಇವೆಲ್ಲ ಅಳತೆಯನ್ನು ಕೆಡಿಸುತ್ತವೆ. ಸಾಮಾನ್ಯವಾಗಿ ತಲೆಯೊಳಗಿನ ಒತ್ತಡದಿಂದ ಎರಡೂ ಬದಿ ಹಿಗ್ಗುತ್ತವೆ, ಆದ್ದರಿಂದ ಒಂದೇ ಬದಿ ಎದ್ದುಕಾಣುವಷ್ಟು ಅಗಲವಾಗಿದ್ದರೆ ಆ ಕಣ್ಣುಗೂಡನ್ನೇ ಮೊದಲು ಶಂಕಿಸುತ್ತೇನೆ. ನಿಮ್ಮ 5.3 ಮತ್ತು 5.6ರ ನಡುವಿನ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಇದಕ್ಕೆ ವಿರುದ್ಧವಾಗಿ, ಬಹುಕಾಲ ಹೆಚ್ಚಿನ ಒತ್ತಡಕ್ಕೆ ಸಿಕ್ಕ ಕವಚವು ತನ್ನ ಸ್ಥಿತಿಸ್ಥಾಪಕತ್ವವನ್ನು ಕಳೆದುಕೊಂಡು, ಒತ್ತಡ ಇಳಿದ ಮೇಲೂ ಅಗಲವಾಗಿಯೇ ಉಳಿಯಬಹುದು. ಹೀಗಾಗಿ ಚಿಕಿತ್ಸೆ ಕೊಟ್ಟ ಕೂಡಲೇ ಸಂಖ್ಯೆ ಇಳಿಯಲಿಲ್ಲವೆಂದು ಚಿಕಿತ್ಸೆ ಫಲಿಸಲಿಲ್ಲ ಎಂಬ ತೀರ್ಮಾನಕ್ಕೆ ಬರುವಂತಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ನಾವಿಬ್ಬರೂ ಕುಳಿತು, ಉಳಿಸಿಟ್ಟಿದ್ದ ಚಿತ್ರಗಳ ಮೇಲೆಯೇ ಡ್ಯೂರಾದ ಒಳ ಅಂಚಿನಲ್ಲಿ ಮತ್ತೆ ಅಳೆದಾಗ ಬಲಗಣ್ಣಿನ ಅಂತರ 0.2 ಮಿ.ಮೀ.ಗೆ ಇಳಿಯಿತು, ನನ್ನದು 4.9, ಅವರದು 4.7. ಸಿ.ಟಿ. ಸ್ಕ್ಯಾನ್ ಮತ್ತೆ ಮಾಡಿಸುವುದಾಗಿ ನಿರ್ಧಾರವಾಗಿದೆ. ಆದರೆ ಒಂದು ಉಪಪ್ರಶ್ನೆ ಉಳಿದಿದೆ. ಈಗ ಸಂಖ್ಯೆ 5ಕ್ಕಿಂತ ಕೆಳಗೆ ಬಂದಿರುವುದರಿಂದ ಸಿ.ಟಿ. ಬೇಡ ಎಂದು ನಮ್ಮಲ್ಲಿ ಕೆಲವರು ವಾದಿಸುತ್ತಿದ್ದಾರೆ. ಅಸ್ಥಿರ ರೋಗಿಯನ್ನು ಸ್ಕ್ಯಾನ್ ಕೋಣೆಗೆ ಸಾಗಿಸುವ ಅಪಾಯವೂ ನಿಜವೇ. ಅವರ ವಾದದಲ್ಲಿ ಹುರುಳಿದೆಯೇ?

ಉತ್ತರ 4: ತೀವ್ರ ನಿಗಾ ವೈದ್ಯ

ಸಾಗಿಸುವ ಅಪಾಯದ ಮಾತು ಸರಿ, ಆದರೆ 4.9 ಎಂಬ ಸಂಖ್ಯೆಗೆ ಆ ಭಾರ ಹೊರುವ ಶಕ್ತಿಯಿಲ್ಲ. ಲೆಕ್ಕ ಹಾಕಿ ನೋಡೋಣ. 2011ರಲ್ಲಿ 6 ಅಧ್ಯಯನಗಳ 231 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಈ ಪರೀಕ್ಷೆಯ ಸಂವೇದನಶೀಲತೆ (ಒತ್ತಡ ಹೆಚ್ಚಿರುವವರನ್ನು ಹಿಡಿಯುವ ಪ್ರಮಾಣ) ಶೇ. 90, ನಿರ್ದಿಷ್ಟತೆ (ಸಹಜವಿರುವವರನ್ನು ಸಹಜವೆಂದೇ ಹೇಳುವ ಪ್ರಮಾಣ) ಶೇ. 85 ಎಂದು ಬಂದಿತು. ನಿಮ್ಮ ರೋಗಿಯಂಥ 100 ಜನರಲ್ಲಿ 30 ಮಂದಿಗೆ ನಿಜವಾಗಿ ಒತ್ತಡ ಹೆಚ್ಚಿದೆ ಎಂದಿಟ್ಟುಕೊಳ್ಳಿ. ಆಗ 27 ಮಂದಿಯನ್ನು ಪರೀಕ್ಷೆ ಹಿಡಿಯುತ್ತದೆ, 3 ಮಂದಿ ತಪ್ಪಿಸಿಕೊಳ್ಳುತ್ತಾರೆ. ಒತ್ತಡ ಸಹಜವಿರುವ 70 ಮಂದಿಯಲ್ಲಿ ಹತ್ತು ಹನ್ನೊಂದು ಮಂದಿಯನ್ನು ಸುಮ್ಮನೆ ಅನುಮಾನಿಸುತ್ತದೆ. ಅಂದರೆ ಕವಚ ಸಹಜವೆಂದು ಬಂದವರಲ್ಲಿ ಸುಮಾರು 20 ಮಂದಿಗೆ ಒಬ್ಬರಲ್ಲಿ ಒತ್ತಡ ಏರಿಯೇ ಇರುತ್ತದೆ. ತಲೆಗೆ ಪೆಟ್ಟಾದ, ಮಂಪರಿನಲ್ಲಿರುವ, ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಹಿಗ್ಗುವ ಭಯವಿರುವ ರೋಗಿಯಲ್ಲಿ ನಾನು ಅಷ್ಟು ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದಿಲ್ಲ. ಮೇಲಾಗಿ ನಿಮ್ಮ ಅಳತೆ ಗೆರೆಯಿಂದ ಕೇವಲ 0.1 ದೂರದಲ್ಲಿದೆ, ನಿಮ್ಮಿಬ್ಬರ ನಡುವಿನ ವ್ಯತ್ಯಾಸವೇ ಅದರ ಎರಡರಷ್ಟಿದೆ. ಎಡಗಣ್ಣನ್ನು ಒಳ ಅಂಚಿನಲ್ಲಿ ಮತ್ತೆ ಅಳೆದ ಸಂಖ್ಯೆಯನ್ನೂ ನೀವು ಹೇಳಿಲ್ಲ.

ಇದೇ ಪರೀಕ್ಷೆಯನ್ನು ಸಾಮಾನ್ಯ ತಲೆನೋವಿನಿಂದ ಬಂದವರ ಮೇಲೆ ಮಾಡಿದರೆ ಚಿತ್ರ ತಿರುಗುಮುರುಗಾಗುತ್ತದೆ. 100ರಲ್ಲಿ 5 ಮಂದಿಗಷ್ಟೇ ಒತ್ತಡ ಹೆಚ್ಚಿದ್ದರೆ, ಕವಚ ಅಗಲವೆಂದು ಬಂದವರಲ್ಲಿ ನಾಲ್ವರಲ್ಲಿ ಮೂವರಿಗೆ ಒತ್ತಡ ಸಹಜವೇ ಇರುತ್ತದೆ.

ನಿಮ್ಮ ಘಟಕದಲ್ಲಿ ಇದರಿಂದ ನಿಜವಾದ ಉಪಯೋಗ ಆಗಬೇಕಿದ್ದರೆ, ಈ 4.9ನ್ನು ಇವತ್ತಿನ ಆಧಾರರೇಖೆಯಾಗಿ ಬರೆದಿಟ್ಟುಕೊಂಡು, ಅದೇ ಯಂತ್ರದಲ್ಲಿ, ಆದಷ್ಟು ಅದೇ ಕೈಯಿಂದ, ಪಾಳಿಗೊಮ್ಮೆ ಅಳೆಯಿರಿ. 4.9 ಇದ್ದದ್ದು ನಾಳೆ 5.6 ಆದರೆ ಅದು ಯಾವ ಲೇಖನದ ಗೆರೆಗಿಂತಲೂ ಹೆಚ್ಚಿನದನ್ನು ಹೇಳುತ್ತದೆ. ಪ್ಲೇಟ್‌ಲೆಟ್ ಸರಿಹೋದ ಮೇಲೆ ಮಾಪಕ ಇಡುವ ಪ್ರಶ್ನೆಯನ್ನು ಮತ್ತೆ ನರಶಸ್ತ್ರಚಿಕಿತ್ಸಕರ ಮುಂದಿಡಿ.

ಪ್ರತಿಕ್ರಿಯೆ: ಬೇರೊಬ್ಬ ರೋಗಿಯ ತಮ್ಮ

ನಾನು ವೈದ್ಯನಲ್ಲ, ನಡುವೆ ಬರುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಅಕ್ಕನಿಗೆ ಬಹಳ ದಿನಗಳಿಂದ ತಲೆನೋವು ಮತ್ತು ಆಗಾಗ ಕಣ್ಣು ಮಂಜಾಗುವ ತೊಂದರೆಯಿದ್ದು, ಗಡ್ಡೆ ಏನೂ ಇಲ್ಲದೆ ತಲೆಯೊಳಗೆ ಒತ್ತಡ ಹೆಚ್ಚಿರಬಹುದೆಂದು ಹೇಳಿ ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ ಬರೆದಿದ್ದಾರೆ. ಅಕ್ಕ ಬೆನ್ನಿಗೆ ಸೂಜಿ ಹಾಕಿಸಿಕೊಳ್ಳಲು ತುಂಬ ಹೆದರುತ್ತಿದ್ದಾರೆ. ಅದರ ಬದಲು ಈ ಕಣ್ಣಿನ ಸ್ಕ್ಯಾನ್ ಮಾಡಿಸಿದರೆ ಸಾಕಾಗುವುದಿಲ್ಲವೇ? ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕಣ್ಣಿನ ಒತ್ತಡ ನಾರ್ಮಲ್ ಇದೆ ಎಂದೂ ಹೇಳಿದ್ದರು.

ಉತ್ತರ 5: ನೇತ್ರತಜ್ಞೆ

ಕ್ಷಮೆ ಕೇಳುವ ಅಗತ್ಯವಿಲ್ಲ. ಮೊದಲು ಒಂದು ಗೊಂದಲವನ್ನು ನಿವಾರಿಸುತ್ತೇನೆ: ಅಲ್ಲಿ ಅಳೆದದ್ದು ಕಣ್ಣುಗುಡ್ಡೆಯೊಳಗಿನ ಒತ್ತಡವನ್ನು, ಗ್ಲಾಕೋಮಾ ಕಾಯಿಲೆಗಾಗಿ ನೋಡುವಂಥದ್ದನ್ನು. ತಲೆಬುರುಡೆಯೊಳಗಿನ ಒತ್ತಡ ಅದರಿಂದ ಬೇರೆಯಾದುದು. ಒಂದು ನಾರ್ಮಲ್ ಇದ್ದು ಮತ್ತೊಂದು ಏರಿರಬಹುದು.

ನಿಮ್ಮ ಅಕ್ಕನವರ ವಿಷಯದಲ್ಲಿ ಕಣ್ಣಿನ ಸ್ಕ್ಯಾನ್ ಸೂಜಿ ಪರೀಕ್ಷೆಯ ಜಾಗವನ್ನು ತುಂಬಲಾರದು. ಈ ಕಾಯಿಲೆಯನ್ನು ಖಚಿತಪಡಿಸಲು ವಯಸ್ಕರಲ್ಲಿ ದ್ರವದ ಒತ್ತಡ 25 ಸೆಂ.ಮೀ. ನೀರಿನ ಮಟ್ಟ ಅಥವಾ ಅದಕ್ಕಿಂತ ಹೆಚ್ಚು ಇರಬೇಕೆಂಬ ಮಾನದಂಡವಿದೆ, ಅದನ್ನು ಸೂಜಿಯ ಮೂಲಕವೇ ಅಳೆಯಬೇಕು. ಜೊತೆಗೆ, ಆ ದ್ರವವನ್ನು ಪರೀಕ್ಷಿಸಿ ಸೋಂಕು ಅಥವಾ ಬೇರೆ ಕಾಯಿಲೆ ಇಲ್ಲವೆಂದು ತಿಳಿದುಕೊಳ್ಳುವುದೂ ಅಷ್ಟೇ ಮುಖ್ಯ. ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿಲ್ಲವೆಂಬುದನ್ನು ಎಂಆರ್‌ಐ ಅಥವಾ ಸಿ.ಟಿ.ಯಲ್ಲಿ ರಕ್ತನಾಳಗಳನ್ನು ನೋಡಿಯೇ ಹೇಳಬೇಕು. ಅಲ್ಟ್ರಾಸೌಂಡಿಗೆ ಇವೆರಡೂ ಸಾಧ್ಯವಿಲ್ಲ. ಅದು ಉಪಯೋಗಕ್ಕೆ ಬರುವುದು ಮುಂದೆ, ಮತ್ತೆ ಮತ್ತೆ ಸೂಜಿ ಹಾಕದೆ ಪರಿಸ್ಥಿತಿ ಎತ್ತ ಸಾಗುತ್ತಿದೆ ಎಂದು ಅಂದಾಜಿಸುವಾಗ. ದ್ರವ ತೆಗೆದ ಮೇಲೆ ಕವಚ ಕಿರಿದಾಗುವುದನ್ನು ಸ್ಕ್ಯಾನ್‌ನಲ್ಲಿ ನೋಡಬಹುದು. ಆಗಲೂ ಅಕ್ಷಿಪಟಲದ ಪರೀಕ್ಷೆ, ದೃಷ್ಟಿಕ್ಷೇತ್ರದ ಪರೀಕ್ಷೆ ಮತ್ತು ಓಸಿಟಿ (ಬೆಳಕಿನಿಂದ ಅಕ್ಷಿಪಟಲದ ಪದರಗಳನ್ನು ಚಿತ್ರಿಸುವ) ಸ್ಕ್ಯಾನ್‌ಗೆ ನಾನು ಹೆಚ್ಚು ಮಹತ್ವ ಕೊಡುತ್ತೇನೆ, ಏಕೆಂದರೆ ಈ ಕಾಯಿಲೆಯಲ್ಲಿ ನಾವು ಕಾಪಾಡಬೇಕಾಗಿರುವುದು ದೃಷ್ಟಿಯನ್ನು.

ಸೂಜಿಯ ಭಯವನ್ನು ನಿಮ್ಮ ವೈದ್ಯರ ಬಳಿ ಮುಕ್ತವಾಗಿ ಹೇಳಿ. ಜಾಗವನ್ನು ಮರಗಟ್ಟಿಸಿಯೇ ಹಾಕುತ್ತಾರೆ, ಅಗತ್ಯವಿದ್ದರೆ ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ನೆರವಿನಿಂದ ಸರಿಯಾದ ಜಾಗವನ್ನು ಗುರುತಿಸಿಕೊಂಡೂ ಮಾಡುತ್ತಾರೆ. ಅಕ್ಕನವರಿಗೆ ಬಗ್ಗಿದಾಗ ಅಥವಾ ಎದ್ದು ನಿಂತಾಗ ಕೆಲವು ಕ್ಷಣ ಕಣ್ಣು ಕತ್ತಲೆಯಾಗುತ್ತಿದ್ದರೆ, ಎರಡೆರಡಾಗಿ ಕಾಣುತ್ತಿದ್ದರೆ, ಇಲ್ಲವೇ ದೃಷ್ಟಿ ಕುಗ್ಗುತ್ತಿರುವಂತೆ ಅನ್ನಿಸಿದರೆ, ಪರೀಕ್ಷೆಗೆ ಕೊಟ್ಟ ದಿನಾಂಕದವರೆಗೆ ಕಾಯದೆ ಕೂಡಲೇ ಕರೆದುಕೊಂಡು ಹೋಗಿ.